ಮನೆ ತಿರುಗಬೇಕೋ, ನೋಟ ತಿರುಗಬೇಕೋ?

ತಿಕೋಟಾದ ಹೊರಗೆ, ದ್ರಾಕ್ಷಿ ತೋಟದ ನಡುವೆ ಒಂದು ಮನೆಗೆ ಪಾಯಾ ತೋಡುವ ದಿನ. ನಾನು ಮುಟ್ಟುವ ಹೊತ್ತಿಗೆ ಗೌಂಡಿ ನಕಾಶೆ ನೋಡಿಕೊಂಡು ಗೂಟ ಬಡಿದು, ದಾರ ಕಟ್ಟಿ, ಸುಣ್ಣದ ಗೆರೆ ಎಳೆಸಿದ್ದ. ಎಲ್ಲ ಸರಿಯಾಗಿಯೇ ಕಂಡಿತು. ಆತ ಮಾತ್ರ ಹಿತ್ತಲಿನ ಮೂಲೆಯಲ್ಲಿ ನಿಂತು ಕರೆದ: “ಸರ್, ಸೆಪ್ಟಿಕ್ ಟ್ಯಾಂಕಿನ ಗುಂಡಿ ಬೋರಿನ ಮಗ್ಗಲಕ್ಕ ಬಂದೈತ್ರಿ. ಇಲ್ಲೇ ತೋಡೂದೇನ್ರಿ?”

ನನ್ನ ನಕಾಶೆಯಲ್ಲಿ ಬೋರ್‌ವೆಲ್ ಮತ್ತು ಗುಂಡಿಯ ನಡುವೆ 60 ಅಡಿ ಇತ್ತು. ನೆಲದ ಮೇಲೆ ಟೇಪು ಹಿಡಿದರೆ 12 ಅಡಿಯೂ ಇರಲಿಲ್ಲ.

ತಪ್ಪು ನನ್ನದೇ. ಸರ್ವೇ ಮಾಡಿದವರು ನಿಜವಾದ ದಿಕ್ಕಿಗೆ ಸರಿಯಾಗಿ ನಕ್ಷೆ ಕೊಟ್ಟಿದ್ದರು. ಹೊಲದ ಬದು ಅದರಲ್ಲಿ ಸುಮಾರು 14 ಡಿಗ್ರಿ ಓರೆಯಾಗಿತ್ತು. ಓರೆ ಗೆರೆಗಳ ಮೇಲೆ ಕೋಣೆ ಬರೆಯುವುದು ಕಿರಿಕಿರಿ ಎಂದು ನಾನು ಆಟೋಕ್ಯಾಡ್‌ನಲ್ಲಿ ‘ರೊಟೇಟ್’ ಕೊಟ್ಟು, ‘ಆಲ್’ ಎಂದು ಟೈಪ್ ಮಾಡಿ, ಇಡೀ ಚಿತ್ರವನ್ನು ನೆಟ್ಟಗೆ ತಿರುಗಿಸಿದೆ. ಆದರೆ ಬೋರ್‌ವೆಲ್ ಇದ್ದ ಲೇಯರ್ ಆಗ ಫ್ರೀಜ್ ಆಗಿತ್ತು. ಫ್ರೀಜ್ ಮಾಡಿದ ಅಥವಾ ಲಾಕ್ ಮಾಡಿದ ಲೇಯರುಗಳನ್ನು ‘ಆಲ್’ ಹಿಡಿಯುವುದಿಲ್ಲ. ಮನೆ, ಬದು, ರಸ್ತೆ ಎಲ್ಲ ತಿರುಗಿದವು. ಬೋರ್ ಇದ್ದಲ್ಲೇ ಉಳಿಯಿತು. ತಿರುವಿನ ಬಿಂದುವಿನಿಂದ 200 ಅಡಿ ದೂರ ಇರುವ ಒಂದು ವಸ್ತು 14 ಡಿಗ್ರಿ ತಿರುಗಿದರೆ ಸುಮಾರು 49 ಅಡಿ ಸರಿಯುತ್ತದೆ. ನನ್ನ 60 ಅಡಿಯಲ್ಲಿ ಕಾಣೆಯಾದದ್ದು ಅದೇ.

ಆ ದಿನ ನಾನು ತಿರುಗಿಸಬೇಕಾಗಿದ್ದದ್ದು ಚಿತ್ರವನ್ನಲ್ಲ, ನೋಟವನ್ನು. ವಿಜಯಪುರದಲ್ಲಿ ಕಟ್ಟಡ ನಕಾಶೆಯ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಈಗ ಮೊದಲು ಹೇಳಿಕೊಡುವುದು ಇದನ್ನೇ. ಗುಡಿಯ ನೆನಪು ಮಾಡಿಕೊಳ್ಳಿ ಎನ್ನುತ್ತೇನೆ. ಜಾತ್ರೆಯಲ್ಲಿ ಪಲ್ಲಕ್ಕಿಯ ಮೂರ್ತಿಯನ್ನು ನಾವು ತಿರುಗಿಸುತ್ತೇವೆ, ಊರೆಲ್ಲ ಮೆರೆಸುತ್ತೇವೆ. ಗರ್ಭಗುಡಿಯ ಮೂರ್ತಿಯನ್ನು ಕದಲಿಸುವುದಿಲ್ಲ, ಅದರ ಸುತ್ತ ನಾವೇ ಪ್ರದಕ್ಷಿಣೆ ಹಾಕುತ್ತೇವೆ. ಸಾಫ್ಟ್‌ವೇರಿನ ‘ರೊಟೇಟ್’ ಪಲ್ಲಕ್ಕಿ ಇದ್ದ ಹಾಗೆ. ‘ಆರ್ಬಿಟ್’ ಪ್ರದಕ್ಷಿಣೆ ಇದ್ದ ಹಾಗೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಫೈಲಿನಲ್ಲಿ ಮಾತ್ರ ಒಂದು ಎಲ್ಲ ಅಳತೆಗಳ ಜಾಗ ಬದಲಿಸುತ್ತದೆ, ಇನ್ನೊಂದು ಏನನ್ನೂ ಮುಟ್ಟುವುದಿಲ್ಲ.

ನಮ್ಮ ಊರಿನಲ್ಲಿ ಈ ವ್ಯತ್ಯಾಸ ದಿನವೂ ಎದುರಾಗುತ್ತದೆ. ವಿಜಯಪುರದ ಹಳೆಯ ಕೋಟೆಗೋಡೆ ಸುಮಾರು 10 ಕಿಲೋಮೀಟರ್ ಸುತ್ತಳತೆಯದು, ಆಕಾರ ಮೊಟ್ಟೆಯಂತೆ. ಒಳಗಿನ ಅರಕಿಲ್ಲೆಯೂ ಹೆಚ್ಚುಕಡಿಮೆ ದುಂಡಗೆ. ಗೋಡೆ ಬಳಸಿಕೊಂಡು ಹೋದ ಓಣಿಗಳಲ್ಲಿ ಚೌಕಾದ ಪ್ಲಾಟು ಸಿಗುವುದೇ ಅಪರೂಪ. ತಿಕೋಟಾ, ಬಬಲೇಶ್ವರದ ಕಡೆ ಹೊಲ ಒಡೆದು ಮಾಡಿದ ಲೇಔಟುಗಳಲ್ಲಿ ಪ್ಲಾಟು 30×40 ಎಂದು ನೆಟ್ಟಗೆ ಇದ್ದರೂ ರಸ್ತೆ ಹಳೆಯ ಬಂಡಿದಾರಿಯ ಜಾಡು ಹಿಡಿದು ಓರೆಯಾಗಿಯೇ ಇರುತ್ತದೆ.

ಬಿಂದು, ಅಕ್ಷ, ಕೋನ

ವಸ್ತುವನ್ನೇ ತಿರುಗಿಸಬೇಕಾದಾಗ ಯಾವ ಸಾಫ್ಟ್‌ವೇರ್ ಆದರೂ ಮೂರು ಸಂಗತಿ ಕೇಳುತ್ತದೆ: ಯಾವ ಬಿಂದುವಿನ ಸುತ್ತ, ಯಾವ ಅಕ್ಷದ ಸುತ್ತ, ಎಷ್ಟು ಕೋನ. ಕಲಿಯುವವರು ಕೋನಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಕೆಲಸ ಕೆಡಿಸುವುದು ಬಿಂದು. ಕಾಲಂ ತಿರುಗಿಸುವಾಗ ಅದರ ನಡುಬಿಂದುವನ್ನೇ ಹಿಡಿಯಬೇಕು, ಮೂಲೆ ಹಿಡಿದರೆ ಕಾಲಂ ಗ್ರಿಡ್ ಗೆರೆಯಿಂದ ಆಚೆ ಹೋಗಿ ನಿಲ್ಲುತ್ತದೆ. ಇಡೀ ಮನೆ ತಿರುಗಿಸುವಾಗ ಬೇಕಾದದ್ದು ನಡುಬಿಂದುವಲ್ಲ, ನೆಲದ ಮೇಲೆ ಗೂಟ ಬಡಿದಿರುವ ಪ್ಲಾಟಿನ ಮೂಲೆ.

ಆಟೋಕ್ಯಾಡ್‌ನಲ್ಲಿ ‘ಆರ್‌ಓ’ ಒತ್ತಿ ವಸ್ತು ಆರಿಸಿ ಬಿಂದು ತೋರಿಸಿದ ಮೇಲೆ ಅದು ಕೋನ ಕೇಳುತ್ತದೆ. ಆಗ ಕೋನ ಟೈಪ್ ಮಾಡದಿರುವುದೇ ಒಳ್ಳೆಯದು. ಯಾಕೆಂದರೆ ಆಟೋಕ್ಯಾಡ್ ಮೊದಲಿಗೆ ಕೋನಗಳನ್ನು ದಶಾಂಶವಿಲ್ಲದೆ ತೋರಿಸುವ ಹಾಗೆ ಇರುತ್ತದೆ. ರಸ್ತೆಯ ನಿಜವಾದ ಓರೆ 13.62 ಡಿಗ್ರಿ ಇದ್ದರೂ ಪರದೆಯ ಮೇಲೆ ಕಾಣುವುದು 14. ನೀವು ಅದನ್ನು ಓದಿ 14 ಎಂದು ಟೈಪ್ ಮಾಡಿದರೆ 60 ಅಡಿ ಉದ್ದದ ಗೋಡೆಯ ತುದಿ ಸುಮಾರು ಐದು ಇಂಚು ಆಚೆ ಹೋಗುತ್ತದೆ. ಐದು ಇಂಚು ಎಂದರೆ ಪಕ್ಕದವರ ಜಾಗಕ್ಕೆ ಕಾಲಿಟ್ಟ ಹಾಗೆ, ಜಗಳಕ್ಕೆ ಅಷ್ಟು ಸಾಕು. ‘ಯೂನಿಟ್ಸ್’ಗೆ ಹೋಗಿ ಕೋನದ ದಶಾಂಶವನ್ನು ನಾಲ್ಕಕ್ಕೆ ಏರಿಸಿ ಇಡಿ. ಅದಕ್ಕಿಂತ ಒಳ್ಳೆಯ ದಾರಿ ‘ರೆಫರೆನ್ಸ್’. ಕೋನ ಕೇಳಿದಾಗ ‘ಆರ್’ ಒತ್ತಿ, ಮನೆಯ ಮುಂಗೋಡೆಯ ಎರಡು ತುದಿ ಕ್ಲಿಕ್ ಮಾಡಿ. ಆಮೇಲೆ ‘ಪಿ’ ಒತ್ತಿ ರಸ್ತೆಯ ಅಂಚಿನ ಎರಡು ತುದಿ ಕ್ಲಿಕ್ ಮಾಡಿ. ಗೋಡೆ ಹೋಗಿ ರಸ್ತೆಗೆ ಸಮನಾಗಿ ನಿಲ್ಲುತ್ತದೆ. ಡಿಗ್ರಿ ಎಷ್ಟೆಂದು ನಮಗೆ ಗೊತ್ತಾಗಬೇಕಾದ ಅಗತ್ಯವೇ ಇಲ್ಲ.

ಕೈಯಲ್ಲಿ ಟೈಪ್ ಮಾಡಲೇಬೇಕಾದರೆ ನೆನಪಿಡಿ: ಆಟೋಕ್ಯಾಡ್‌ನಲ್ಲಿ ಸುಮ್ಮನೆ ಅಂಕಿ ಕೊಟ್ಟರೆ ತಿರುವು ಅಪ್ರದಕ್ಷಿಣೆ, ಮೈನಸ್ ಹಾಕಿದರೆ ಗಡಿಯಾರದ ದಿಕ್ಕು. ಸ್ಕೆಚ್‌ಅಪ್ ಹಾಗಲ್ಲ, ಅಲ್ಲಿ ಮೌಸ್ ಯಾವ ಕಡೆ ಎಳೆದಿರೋ ಅಂಕಿಯೂ ಅದೇ ಕಡೆ ಹೋಗುತ್ತದೆ. ಎರಡನ್ನೂ ಬಳಸುವವರು ಇಲ್ಲಿ ಎಡವುತ್ತಾರೆ.

ಸ್ಕೆಚ್‌ಅಪ್‌ನಲ್ಲಿ ‘ಕ್ಯೂ’ ಒತ್ತಿದರೆ ಕೋನಮಾಪಕದ ಬಿಲ್ಲೆ ಬರುತ್ತದೆ. ಅದರ ಬಣ್ಣವೇ ಅಕ್ಷ. ನೀಲಿ ಇದ್ದರೆ ವಸ್ತು ನೆಲದ ಮೇಲೆ ಬೀಸುವಕಲ್ಲಿನ ಹಾಗೆ ತಿರುಗುತ್ತದೆ. ಕೆಂಪು ಅಥವಾ ಹಸಿರು ಇದ್ದರೆ ವಾಲುತ್ತದೆ. ಮನೆ ಮಗ್ಗುಲಾಗಿ ಬಿತ್ತು ಎಂದು ಗಾಬರಿಯಾಗುವವರು ಬಣ್ಣ ನೋಡಿರುವುದಿಲ್ಲ, ಅಷ್ಟೇ. ಮೇಲಿನ ಬಾಣದ ಕೀಲಿ ಒತ್ತಿದರೆ ನೀಲಿಗೆ, ಎಡದ್ದು ಹಸಿರಿಗೆ, ಬಲದ್ದು ಕೆಂಪಿಗೆ ಬಿಲ್ಲೆ ಬಿಗಿಯಾಗಿ ಕೂರುತ್ತದೆ. ತಿರುಗಿಸುವ ಮೊದಲು ವಸ್ತುವನ್ನು ಗ್ರೂಪ್ ಮಾಡುವುದನ್ನು ಮರೆಯಬಾರದು, ಇಲ್ಲವಾದರೆ ಅದಕ್ಕೆ ಅಂಟಿಕೊಂಡ ಪಕ್ಕದ ಗೋಡೆಯೂ ಜಗ್ಗಿ ಸೊಟ್ಟಗಾಗುತ್ತದೆ. ಕೋನದ ಬದಲು 3:12 ಎಂದು ಇಳಿಜಾರನ್ನೇ ಟೈಪ್ ಮಾಡಬಹುದು. ಪತ್ರಾಸ್ ಶೆಡ್ಡಿನ ಮಾಡು ಹಾಕುವವರಿಗೆ ಇದು ಬಹಳ ಅನುಕೂಲ.

ರೆವಿಟ್‌ನಲ್ಲೂ ಕೀಲಿ ‘ಆರ್‌ಓ’. ನಡುವೆ ಕಾಣುವ ನೀಲಿ ಚುಕ್ಕೆಯೇ ತಿರುವಿನ ಬಿಂದು. ಅದನ್ನು ಎಳೆದು ಬೇಕಾದಲ್ಲಿ ಇಟ್ಟು ಆಮೇಲೆ ತಿರುಗಿಸಿ. ಆದರೆ ರೆವಿಟ್‌ನಲ್ಲಿ ನಾನು ಹೆಚ್ಚು ಬಳಸುವುದು ಸ್ಪೇಸ್‌ಬಾರ್. ಮಂಚ, ಕಟ್ಟೆ, ಕಾಲಂ ಇಡುವ ಮುಂಚೆಯೇ ಒಂದು ಸಲ ಒತ್ತಿದರೆ 90 ಡಿಗ್ರಿ. ಕರ್ಸರನ್ನು ಓರೆ ಗೋಡೆಯ ಮೇಲೆ ಹಿಡಿದು ಒತ್ತಿದರೆ ವಸ್ತು ಆ ಗೋಡೆಯ ಓರೆಗೇ ಹೊಂದಿಕೊಳ್ಳುತ್ತದೆ. ಬಾಗಿಲು, ಕಿಟಕಿಗಳನ್ನು ರೆವಿಟ್‌ನಲ್ಲಿ ಬೇರೆಯಾಗಿ ತಿರುಗಿಸಲು ಹೋಗಬೇಡಿ; ಅವು ಗೋಡೆಯ ಮಕ್ಕಳು, ಗೋಡೆ ತಿರುಗಿದರೆ ತಾವೂ ತಿರುಗುತ್ತವೆ.

‘ಎಲಿಮೆಂಟ್ ಈಸ್ ಸ್ಲೈಟ್ಲಿ ಆಫ್ ಆ್ಯಕ್ಸಿಸ್’ ಎಂಬ ಎಚ್ಚರಿಕೆಯನ್ನು ರೆವಿಟ್ ತೋರಿಸಿದರೆ ಮುಚ್ಚಿ ಮುಂದೆ ಹೋಗಬೇಡಿ. ಕಣ್ಣಿಗೆ ಕಾಣದಷ್ಟು ಓರೆ ಎಲ್ಲೋ ಸೇರಿಕೊಂಡಿದೆ ಎಂದರ್ಥ. ಇವತ್ತು ಒಂದು ಗೋಡೆ, ನಾಳೆ ಅದಕ್ಕೆ ಆತುಕೊಂಡ ಸ್ಲ್ಯಾಬ್, ನಾಡಿದ್ದು ಅಳತೆಗಳಲ್ಲಿ ಹರಕು ಅಂಕಿ. ಎಚ್ಚರಿಕೆ ಬಂದ ಕ್ಷಣವೇ ಗ್ರಿಡ್ ಗೆರೆಗೆ ‘ಅಲೈನ್’ ಮಾಡಿಬಿಡಿ.

ಇನ್ನೊಂದು ಮಾತು, ತಿರುವಿಗೆ ಪಕ್ಕದ್ದು. ಜೋಡಿ ಮನೆ ಬರೆಯುವಾಗ ಒಂದನ್ನು ‘ಮಿರರ್’ ಮಾಡುತ್ತಾರೆ, ಅದೂ ತಿರುಗಿಸಿದಂತೆಯೇ ಎಂದು ತಿಳಿದಿರುತ್ತಾರೆ. ತಿರುಗಿಸಿದಾಗ ಬಲಗೈ ಬಲಗೈಯಾಗಿಯೇ ಉಳಿಯುತ್ತದೆ. ಮಿರರ್ ಮಾಡಿದಾಗ ಎಡಗೈ ಆಗುತ್ತದೆ. ಬಾಗಿಲಿನ ಬಿಜಾಗರಿ ಆಚೆ ಬದಿಗೆ ಹೋಗುತ್ತದೆ, ಮೆಟ್ಟಿಲು ಎಡಕ್ಕೆ ಏರುತ್ತದೆ. ಬಡಿಗ ಚೌಕಟ್ಟು ಮಾಡಿ ತಂದ ಮೇಲೆ ಗೊತ್ತಾದರೆ ಕಟ್ಟಿಗೆಯ ದುಡ್ಡು ದಂಡ.

ಗೋಳಗುಮ್ಮಟದ ಎರಡು ಚೌಕ

ಇದೆಲ್ಲ ಕೈಗೆ ಕೂರಲು ಒಂದು ಅಭ್ಯಾಸ ಬೇಕು. ನಮ್ಮ ಊರಿನವರಿಗೆ ಅದು ಕಣ್ಣೆದುರೇ ಇದೆ. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟ, ಮುಹಮ್ಮದ್ ಆದಿಲ್ ಶಾಹನ ಸಮಾಧಿ, ನಿಂತಿರುವುದೇ ತಿರುವಿನ ಮೇಲೆ. ಹೊರಗೆ ಒಂದೊಂದು ಬದಿ 47.5 ಮೀಟರ್ ಇರುವ ಚೌಕ ಕಟ್ಟಡ. ಅದರ ಮೇಲೆ 44 ಮೀಟರ್ ಹೊರವ್ಯಾಸದ ದುಂಡು ಗುಮ್ಮಟ. ನಡುವೆ ಒಂದೂ ಕಂಬವಿಲ್ಲ. ಚೌಕವನ್ನು ದುಂಡಿಗೆ ಕೂಡಿಸಿದ ಉಪಾಯ ಒಳಗೆ ನಿಂತು ಮೇಲೆ ನೋಡಿದರೆ ಕಾಣುತ್ತದೆ. ಎಂಟು ದೊಡ್ಡ ಕಮಾನುಗಳು ಗೋಡೆಗಳಿಗೆ ಓರೆಯಾಗಿ ಎದ್ದು ಒಂದನ್ನೊಂದು ಕತ್ತರಿಸುತ್ತವೆ. ನೆಲಕ್ಕೆ ಇಳಿಸಿ ಬರೆದರೆ ಅವು ಎರಡು ಚೌಕಗಳು, ಒಂದರ ಮೇಲೊಂದು, ಪರಸ್ಪರ 45 ಡಿಗ್ರಿ ತಿರುಗಿದವು. ಅವುಗಳ ಎಂಟು ಮೂಲೆಗಳು ನಾಲ್ಕು ಗೋಡೆಗಳ ಮೇಲೆ ಎರಡೆರಡಾಗಿ ಕಾಲೂರುತ್ತವೆ. ಕತ್ತರಿಸಿದ ಗೆರೆಗಳ ಒಳಗೆ ಉಳಿಯುವುದೇ ಎಂಟು ಮೂಲೆಯ ಆಕಾರ. ಗುಮ್ಮಟದ ಉಂಗುರಕ್ಕೆ ಅದೇ ಆಧಾರ.

ಇದನ್ನು ಪರದೆಯ ಮೇಲೆ ಮಾಡಿ ನೋಡಿ. ಒಳಗಿನ ಹಜಾರಕ್ಕೆ 41 ಮೀಟರ್ ಬದಿಯ ಚೌಕ ಬರೆಯಿರಿ. ಅದರ ನಡುಬಿಂದುವನ್ನೇ ನಡುವಾಗಿಟ್ಟು 31.38 ಮೀಟರಿನ ಇನ್ನೊಂದು ಚೌಕ. ಈ ಚಿಕ್ಕ ಚೌಕವನ್ನು ನಡುಬಿಂದುವಿನ ಸುತ್ತ 22.5 ಡಿಗ್ರಿ ತಿರುಗಿಸಿ. ಅದರ ನಾಲ್ಕೂ ಮೂಲೆಗಳು ಹೋಗಿ ಹಜಾರದ ಗೋಡೆಗಳನ್ನು ಮುಟ್ಟುವುದನ್ನು ನೋಡಿದಾಗ ಕಲಿಯುವವರ ಮುಖ ಅರಳುತ್ತದೆ. ನನಗೂ ಪ್ರತಿ ಸಲ ಹಾಗೆಯೇ ಆಗುತ್ತದೆ. ಆಮೇಲೆ ಅದೇ ಚೌಕವನ್ನು ನಕಲು ಸಮೇತ 45 ಡಿಗ್ರಿ ತಿರುಗಿಸಿ. ಆಟೋಕ್ಯಾಡ್‌ನಲ್ಲಿ ಬಿಂದು ತೋರಿಸಿದ ಮೇಲೆ ‘ಸಿ’ ಒತ್ತಿದರೆ ನಕಲು, ಸ್ಕೆಚ್‌ಅಪ್‌ನಲ್ಲಿ ‘ಕಂಟ್ರೋಲ್’ ಕೀಲಿ, ರೆವಿಟ್‌ನಲ್ಲಿ ಮೇಲಿನ ಪಟ್ಟಿಯ ‘ಕಾಪಿ’ ಗುರುತು. ಎಂಟು ಮೂಲೆಗಳು ಎಂಟು ಕಡೆ ಕಾಲೂರಿದವು. ಇದು ಸರಳ ಮಾಡಿದ ಲೆಕ್ಕ, ಕಟ್ಟಡದ ನಿಖರ ಅಳತೆಯಲ್ಲ. ಆದರೂ ಬಿಂದು ಒಂದು ಇಂಚು ಆಚೀಚೆ ಹಿಡಿದರೆ ಒಂದು ಮೂಲೆ ಗೋಡೆ ದಾಟುತ್ತದೆ, ಎದುರಿನದ್ದು ಗೋಡೆಗೆ ತಲುಪುವುದೇ ಇಲ್ಲ. ಬಿಂದುವಿನ ಬೆಲೆ ಇದಕ್ಕಿಂತ ಚೆನ್ನಾಗಿ ನಾನು ಹೇಳಿಕೊಡಲಾರೆ.

ಸಾಫ್ಟ್‌ವೇರ್ ಕೊಳ್ಳುವ ಶಕ್ತಿ ಇಲ್ಲದವರು ಬ್ಲೆಂಡರ್‌ನಲ್ಲಿ ಇದನ್ನೇ ಮಾಡಬಹುದು, ಅದು ಉಚಿತ: ‘ಆರ್’, ‘ಝೆಡ್’, 22.5, ಎಂಟರ್.

ನೋಟ ತಿರುಗಿಸುವ ದಾರಿ

ಈಗ ತಿಕೋಟಾದ ಆ ನಕಾಶೆಗೆ ಬರೋಣ. ನಾನು ಮಾಡಬೇಕಾಗಿದ್ದದ್ದು ಇಷ್ಟು. ‘ಯುಸಿಎಸ್’ ಟೈಪ್ ಮಾಡಿ, ‘ಓಬಿ’ ಎಂದು ಕೊಟ್ಟು, ಓರೆ ಬದುವಿನ ಗೆರೆಯನ್ನು ಕ್ಲಿಕ್ ಮಾಡುವುದು. ಆಮೇಲೆ ‘ಪ್ಲಾನ್’ ಟೈಪ್ ಮಾಡಿ ಎಂಟರ್ ಎರಡು ಸಲ. ಪರದೆಯ ಮೇಲೆ ಬದು ನೆಟ್ಟಗಾಗುತ್ತದೆ, ಮೌಸಿನ ಅಡ್ಡ ಗೆರೆಗಳೂ ಅದಕ್ಕೆ ಸಮನಾಗುತ್ತವೆ, ಆರಾಮಾಗಿ ಕೋಣೆ ಬರೆಯಬಹುದು. ಬೋರ್‌ವೆಲ್ ಲೇಯರ್ ಫ್ರೀಜ್ ಆಗಿದ್ದರೂ ಭಯವಿಲ್ಲ, ಯಾಕೆಂದರೆ ಯಾವ ವಸ್ತುವೂ ಜಾಗ ಬಿಟ್ಟು ಕದಲಿಲ್ಲ. ಕೆಲಸ ಮುಗಿದ ಮೇಲೆ ‘ಯುಸಿಎಸ್’ಗೆ ‘ವರ್ಲ್ಡ್’ ಕೊಟ್ಟು ಮತ್ತೆ ‘ಪ್ಲಾನ್’ ಮಾಡಿದರೆ ಸರ್ವೇ ನಕ್ಷೆ ಇದ್ದ ಹಾಗೆಯೇ ಎದುರಿಗೆ. ಒಂದೇ ಎಚ್ಚರ: ‘ಯುಸಿಎಸ್’ ಓರೆ ಇರುವಾಗ ಓದಿದ ಕೋನ ಮತ್ತು ನಿರ್ದೇಶಾಂಕಗಳು ಆ ಓರೆಗೆ ಸಂಬಂಧಿಸಿದವು. ಸರ್ವೇಯವರಿಗೆ ಅಂಕಿ ಕೊಡುವ ಮೊದಲು ‘ವರ್ಲ್ಡ್’ಗೆ ಬಂದು ಓದಿ.

ಸ್ಕೆಚ್‌ಅಪ್‌ನಲ್ಲಿ ಓರೆ ಗೋಡೆಯ ಮೇಲೆ ಬಲ ಕ್ಲಿಕ್ ಮಾಡಿ ‘ಅಲೈನ್ ಆ್ಯಕ್ಸಿಸ್’ ಎಂದರೆ ಅಕ್ಷಗಳು ಗೋಡೆಗೆ ಹೊಂದುತ್ತವೆ. ‘ಅಲೈನ್ ವ್ಯೂ’ ಎಂದರೆ ಗೋಡೆ ನಮಗೆ ಮುಖ ಮಾಡಿ ನಿಲ್ಲುತ್ತದೆ. ಪ್ರದಕ್ಷಿಣೆಗೆ ಮೌಸಿನ ಗಾಲಿ ಒತ್ತಿ ಹಿಡಿದರೆ ಸಾಕು. ರೆವಿಟ್ ಮತ್ತು ಆಟೋಕ್ಯಾಡ್‌ನಲ್ಲಿ ಗಾಲಿಯ ಜೊತೆ ‘ಶಿಫ್ಟ್’ ಹಿಡಿಯಬೇಕು. ರೆವಿಟ್‌ನಲ್ಲಿ ಸುತ್ತುವಾಗ ಮನೆ ಪರದೆಯಿಂದ ಹಾರಿಹೋಗುತ್ತದೆ ಎಂದು ದೂರುವವರು ಮೊದಲು ಮನೆಯ ಒಂದು ಭಾಗವನ್ನು ಆರಿಸಿಕೊಂಡು ಆಮೇಲೆ ಸುತ್ತಲಿ, ನೋಟ ಅದನ್ನೇ ನಡುವಾಗಿಟ್ಟು ತಿರುಗುತ್ತದೆ. ದಾರಿ ತಪ್ಪಿದರೆ ಬಲಮೂಲೆಯ ‘ವ್ಯೂಕ್ಯೂಬ್’ ಮೇಲಿನ ‘ಟಾಪ್’ ಒತ್ತಿ.

ರೆವಿಟ್‌ನ ಪ್ಲಾನ್ ಹಾಳೆಯಲ್ಲಿ ಓರೆ ಭಾಗವನ್ನು ನೆಟ್ಟಗೆ ತೋರಿಸಬೇಕಾದರೆ ಆ ನೋಟದ ‘ಕ್ರಾಪ್’ ಚೌಕಟ್ಟನ್ನು ಆರಿಸಿ ‘ಆರ್‌ಓ’ ಕೊಡಿ. ಚೌಕಟ್ಟನ್ನು ಎಡಕ್ಕೆ ತಿರುಗಿಸಿದರೆ ಒಳಗಿನ ಚಿತ್ರ ಬಲಕ್ಕೆ ತಿರುಗಿದಂತೆ ಕಾಣುತ್ತದೆ. ಹೆದರಬೇಡಿ, ತಲೆ ವಾಲಿಸಿ ನೋಡಿದಾಗ ಲೋಕ ಎದುರು ಕಡೆ ವಾಲಿದಂತೆ ಕಂಡ ಹಾಗೆ ಅದು.

ಉತ್ತರ ಯಾವುದು?

ಬಬಲೇಶ್ವರದ ಕಡೆಯಿಂದ ಮನೆ ಕಟ್ಟಿಸಲು ಬರುವವರು ಮೊದಲು ಕೇಳುವುದು, “ಬಾಗಲಾ ಮೂಡಣಕ್ಕ ಬರತೈತಿಲ್ರಿ?” ಎಂದು. ಹಾಳೆಯ ಬಲಗಡೆ ತೋರಿಸಿ “ಹೌದ್ರಿ” ಎಂದುಬಿಡುವುದು ಸುಲಭ. ಆದರೆ ಹಾಳೆಯ ಬಲ ಎಂದರೆ ಮೂಡಣವೇ ಆಗಬೇಕೆಂದಿಲ್ಲ. ರೆವಿಟ್ ಇದಕ್ಕೇ ಎರಡು ಉತ್ತರ ಇಟ್ಟುಕೊಂಡಿದೆ: ನಕಾಶೆ ಬರೆಯಲು ‘ಪ್ರಾಜೆಕ್ಟ್ ನಾರ್ತ್’, ಭೂಮಿಯ ನಿಜ ಉತ್ತರಕ್ಕೆ ‘ಟ್ರೂ ನಾರ್ತ್’. ಸೈಟ್ ಪ್ಲಾನ್ ತೆರೆದು, ಅದರ ‘ಓರಿಯೆಂಟೇಶನ್’ ಅನ್ನು ‘ಟ್ರೂ ನಾರ್ತ್’ಗೆ ಬದಲಿಸಿ, ‘ಮ್ಯಾನೇಜ್’ ಪಟ್ಟಿಯ ‘ಪೊಸಿಶನ್’ನಲ್ಲಿ ‘ರೊಟೇಟ್ ಟ್ರೂ ನಾರ್ತ್’ ಆರಿಸಿ ಓರೆ ಕೋನ ಕೊಡಿ. ಮಹಡಿಗಳ ಪ್ಲಾನ್ ನೆಟ್ಟಗೇ ಉಳಿಯುತ್ತದೆ, ಸೈಟ್ ಪ್ಲಾನ್ ಮಾತ್ರ ನೆಲದಲ್ಲಿ ಇರುವ ಹಾಗೆ ಓರೆಯಾಗುತ್ತದೆ. ಅದೇ ಪಟ್ಟಿಯಲ್ಲಿ ಪಕ್ಕದಲ್ಲೇ ‘ರೊಟೇಟ್ ಪ್ರಾಜೆಕ್ಟ್ ನಾರ್ತ್’ ಇದೆ. ಅದನ್ನು ಒತ್ತಿದರೆ ಇಡೀ ಮಾದರಿಯೇ ತಿರುಗುತ್ತದೆ. ಹೆಸರಿನಲ್ಲಿ ಒಂದೇ ಪದದ ವ್ಯತ್ಯಾಸ.

ಉತ್ತರ ಸರಿ ಇದ್ದರೆ ಬಿಸಿಲಿನ ಲೆಕ್ಕವೂ ಸರಿ ಬರುತ್ತದೆ. ಬಿಸಿಲೂರಿನವರಾದ ನಮಗೆ ಇದು ಅಲಂಕಾರದ ಮಾತಲ್ಲ. ವಿಜಯಪುರ 16.83 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ತೆಂಕಣದಲ್ಲಿ 50 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಮೇ ಮೊದಲ ವಾರ ದಾಟಿದ ಮೇಲೆ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬಡಗಣ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಊರಿಗೆ ಒಪ್ಪುವುದಿಲ್ಲ. ಆ ಕಿಟಕಿಗೂ ಒಂದು ಸಜ್ಜಾ ಬೇಕು.

ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಈ ಲೆಕ್ಕ ನೇರವಾಗಿ ಮಾಲಿನ ಬಣ್ಣಕ್ಕೆ ತಾಗುತ್ತದೆ. ದ್ರಾವಣದಲ್ಲಿ ಅದ್ದಿದ ದ್ರಾಕ್ಷಿಯನ್ನು ನೆಟ್ಟಿನ ಅಂತಸ್ತುಗಳ ಮೇಲೆ ಹರವಿ ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸುತ್ತಾರೆ. ನೇರ ಬಿಸಿಲು ಬಿದ್ದರೆ ಬಣ್ಣ ಕಪ್ಪಿಡುತ್ತದೆ. ಶೆಡ್ಡಿನ ಉದ್ದದ ಬದಿ ಯಾವ ಕಡೆ ಇರಬೇಕು ಎಂಬುದನ್ನು ಊಹೆಗೆ ಬಿಡದೆ, ಮಾದರಿಗೆ ಊರಿನ ಜಾಗ ಕೊಟ್ಟು, ಮಾರ್ಚ್ 15ಕ್ಕೆ ಸೂರ್ಯನನ್ನು ಇಟ್ಟು, ಬೆಳಗ್ಗೆ 9ರಿಂದ ಸಂಜೆ 5ರವರೆಗೆ ನೆರಳು ಓಡಿಸಿ ನೋಡಿ. ಆಮೇಲೆ ಫೈಲಿನ ನಕಲು ಮಾಡಿಕೊಂಡು ‘ಟ್ರೂ ನಾರ್ತ್’ ಅನ್ನು 15 ಡಿಗ್ರಿಯಂತೆ ಬದಲಿಸುತ್ತಾ ಹೋಗಿ. ಪಡುವಣ ಬಿಸಿಲು ಯಾವ ಸ್ಥಿತಿಯಲ್ಲಿ ಅಂತಸ್ತುಗಳಿಗೆ ಕಡಿಮೆ ತಾಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಸ್ಕೆಚ್‌ಅಪ್‌ನಲ್ಲಾದರೆ ಹಸಿರು ಅಕ್ಷವೇ ಉತ್ತರ. ಅಲ್ಲಿ ಶೆಡ್ಡನ್ನೇ ಗ್ರೂಪ್ ಮಾಡಿ ತಿರುಗಿಸಿ. ನಿಜವಾಗಿ ವಸ್ತುವನ್ನೇ ತಿರುಗಿಸಬೇಕಾದ ಸಂದರ್ಭ ಇದು, ಯಾಕೆಂದರೆ ಶೆಡ್ ಇನ್ನೂ ನೆಲಕ್ಕೆ ಇಳಿದಿಲ್ಲ.

ಉಳಿದದ್ದು, ಸರ್ವೇ ನಕ್ಷೆ ಇಲ್ಲದ ಪ್ಲಾಟಿನಲ್ಲಿ ನಿಜ ಉತ್ತರ ಹಿಡಿಯುವುದು ಹೇಗೆ ಎಂಬುದು. ಮೊಬೈಲಿನ ದಿಕ್ಸೂಚಿಯನ್ನು ನಾನು ನಂಬುವುದಿಲ್ಲ. ಹತ್ತಿರ ಸರಳಿನ ರಾಶಿ ಇದ್ದರೆ ಸಾಕು, ಮುಳ್ಳು ಓಲಾಡುತ್ತದೆ. ನಮ್ಮ ಹಿಂದಿನ ಶಿಲ್ಪಿಗಳ ಶಂಕುವೇ ಒಳ್ಳೆಯದು. ಸಮತಟ್ಟಾದ ನೆಲದಲ್ಲಿ ಮೂರಡಿ ಸರಳನ್ನು ತೂಗುಗುಂಡು ಹಿಡಿದು ನೇರ ನಿಲ್ಲಿಸಿ. ಅದಕ್ಕೆ ದಾರ ಕಟ್ಟಿ ಸುತ್ತ ಒಂದು ದುಂಡು ಗೆರೆ ಎಳೆಯಿರಿ. ಬೆಳಗಿನ ನೆರಳು ಕಿರಿದಾಗುತ್ತಾ ಬಂದು ಅದರ ತುದಿ ಗೆರೆ ಮುಟ್ಟಿದಲ್ಲಿ ಒಂದು ಮೊಳೆ. ಮಧ್ಯಾಹ್ನದ ನಂತರ ನೆರಳು ಬೆಳೆದು ಮತ್ತೆ ಗೆರೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದ ದಾರವೇ ಪಡುವಣ ಮೂಡಣ. ನಮ್ಮಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, ಸರಾಸರಿ 12 ಗಂಟೆ 27 ನಿಮಿಷಕ್ಕೆ, ಹಾಗಾಗಿ ಎರಡೂ ಮೊಳೆಗಳ ಹೊತ್ತು ಅದರ ಆಚೀಚೆ ಹೆಚ್ಚುಕಡಿಮೆ ಸಮ ದೂರದಲ್ಲಿ ಬಿದ್ದಿದೆಯೇ ನೋಡಿಕೊಳ್ಳಿ.

ಆ ದಾರಕ್ಕೆ ಸಮಾಂತರವಾಗಿ ಪ್ಲಾಟಿನ ಮೂಲೆಯಿಂದ ಹತ್ತು ಅಡಿ ಅಳೆದು, ಅಲ್ಲಿಂದ ಮೂಲೆಮಟ್ಟ ಹಿಡಿದು ಪ್ಲಾಟಿನ ಬದಿಗೆ ಎಷ್ಟು ಅಂತರ ಇದೆ ನೋಡಿ. ಎರಡಡಿ ಐದಿಂಚು ಬಂದರೆ ಓರೆ 13.6 ಡಿಗ್ರಿಯ ಸುಮಾರು. ಆ ಅಂಕಿಯನ್ನು ಟೈಪ್ ಮಾಡಬೇಡಿ. ಹತ್ತು ಅಡಿ ಮತ್ತು ಎರಡಡಿ ಐದಿಂಚಿನ ತ್ರಿಕೋನವನ್ನು ನಕಾಶೆಯಲ್ಲಿ ಬರೆದು, ‘ರೆಫರೆನ್ಸ್’ ಕೇಳಿದಾಗ ಅದರ ಓರೆ ಗೆರೆಯನ್ನೇ ತೋರಿಸಿ.